ಕಸೂತಿ ಚೀಲ ಮಾರುವ ಮುನ್ನ: ಆನ್‌ಲೈನ್ ಕರಕುಶಲ ಮಾರಾಟಗಾರರಿಗೆ ಕಾಪಿರೈಟ್ ಮಾರ್ಗದರ್ಶಿ

ಒಂದು ಕೈಚೀಲವನ್ನು ಎದುರಿಗಿಟ್ಟುಕೊಳ್ಳಿ. ಕೈಮಗ್ಗದ ಹತ್ತಿಬಟ್ಟೆ, ಮುಂಬದಿಗೆ ಕಸೂತಿಯ ಗೋಪುರ, ಗೋಪುರದ ಕೆಳಗೆ ಕಗ್ಗದ ಎರಡು ಸಾಲು. ಹೊಲಿದದ್ದು ನೀವೇ, ಕಸೂತಿ ಹಾಕಿದ್ದೂ ನೀವೇ. ಫೋಟೊ ತೆಗೆದು, ಒಂದು ಸಿನಿಮಾ ಹಾಡು ಸೇರಿಸಿ ರೀಲ್ ಮಾಡಿ, ‘ಖಾದಿ ಕಸೂತಿ ಬ್ಯಾಗ್’ ಎಂದು ಹೆಸರಿಟ್ಟು ಹಾಕಿದರೆ ಮುಗಿಯಿತು ಅನ್ನಿಸುತ್ತದೆ. ಆದರೆ ಈ ಒಂದೇ ಚೀಲದಲ್ಲಿ ಆರು ಕಡೆ ಬೇರೆಯವರ ಹಕ್ಕು ಕೂತಿರಬಹುದು: ಗೋಪುರದ ನಕ್ಷೆ, ಪದ್ಯದ ಸಾಲು, ಅಕ್ಷರದ ಫಾಂಟ್, ಫೋಟೊ, ಹಾಡು, ಹೆಸರು. ಕೈಯಿಂದ ಮಾಡಿದೆವು ಎಂದ ಮಾತ್ರಕ್ಕೆ ಇವು ನಮ್ಮವಾಗುವುದಿಲ್ಲ. ಹೊಲಿಗೆಯ ಶ್ರಮ ಬೇರೆ, ಹೊಲಿದ ಚಿತ್ರದ ಒಡೆತನ ಬೇರೆ.

ಆದ್ದರಿಂದ ಮೊದಲ ಕೆಲಸ ಒಂದು ನೋಟ್‌ಬುಕ್ ಇಡುವುದು. ಪ್ರತಿ ವಸ್ತುವಿಗೆ ಒಂದು ಪುಟ. ಮೇಲಿನ ಆರು ಅಂಶಗಳನ್ನು ಒಂದರ ಕೆಳಗೊಂದು ಬರೆದು, ಪ್ರತಿಯೊಂದರ ಎದುರಿಗೆ ‘ಎಲ್ಲಿಂದ ಬಂತು’ ಎಂದು ತುಂಬಿ. ‘ನಾನೇ ಬರೆದೆ, ತಾರೀಖು ಇಂಥದ್ದು’, ‘ಹಣ ಕೊಟ್ಟು ಕೊಂಡೆ, ರಸೀದಿ ಇದೆ’, ‘ಹಳೆಯದು, ಹಕ್ಕಿನ ಅವಧಿ ಮುಗಿದಿದೆ’, ‘ಬರಹದಲ್ಲಿ ಅನುಮತಿ ಸಿಕ್ಕಿದೆ’: ಈ ನಾಲ್ಕರಲ್ಲಿ ಒಂದು ಉತ್ತರ ಬರಬೇಕು. ‘ಪಿಂಟರೆಸ್ಟ್‌ನಲ್ಲಿ ಸಿಕ್ಕಿತು’, ‘ಗೂಗಲ್‌ನಿಂದ ತೆಗೆದೆ’, ‘ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದಿತ್ತು’ ಎಂಬುದು ಉತ್ತರವಲ್ಲ. ಅದು ಚಿತ್ರ ನಿಮ್ಮ ಕಣ್ಣಿಗೆ ಬಿದ್ದ ಜಾಗವಷ್ಟೇ, ಅದರ ಒಡೆಯರ ವಿಳಾಸವಲ್ಲ.

ಹಂತ 1: ನಮೂನೆ

ಎಲ್ಲಕ್ಕಿಂತ ಹೆಚ್ಚು ಗೊಂದಲ ಇರುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಕಸೂತಿಯ ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳು ಯಾರ ಸ್ವತ್ತೂ ಅಲ್ಲ. ಗೋಪುರ, ರಥ, ತುಳಸಿಕಟ್ಟೆ, ಆನೆ, ನವಿಲು ಎಂಬ ಕಲ್ಪನೆಗಳೂ ಹಾಗೆಯೇ. ತಲೆಮಾರುಗಳಿಂದ ಇಳಕಲ್ ಸೀರೆಯ ಸೆರಗಿನಲ್ಲಿ ಬಂದ ನಮೂನೆಯನ್ನು ನೀವೂ ಹಾಕಬಹುದು, ಪಕ್ಕದ ಮನೆಯವರೂ ಹಾಕಬಹುದು. ಆದರೆ ಈಗ ಬದುಕಿರುವ ಕಲಾವಿದೆಯೊಬ್ಬರು ಅದೇ ಗೋಪುರವನ್ನು ತಮ್ಮ ರೀತಿಯಲ್ಲಿ ಮರುಜೋಡಿಸಿ, ಮೆಟ್ಟಿಲುಗಳ ಎಣಿಕೆ ಬದಲಿಸಿ, ನಡುವೆ ಹೊಸ ಅಂಚು ಸೇರಿಸಿ ಗ್ರಾಫ್ ನಕ್ಷೆ ಬರೆದಿದ್ದರೆ ಆ ನಕ್ಷೆ ಅವರದು. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯಲ್ಲಿ ‘ಕಲಾಕೃತಿ’ ಎಂದರೆ ಚಿತ್ರ, ಶಿಲ್ಪ, ರೇಖಾಚಿತ್ರ, ಫೋಟೊ ಮಾತ್ರವಲ್ಲ, ಕಲಾತ್ಮಕ ಕುಶಲಕೆಲಸವೂ ಸೇರುತ್ತದೆ. ಹಕ್ಕು ಹುಟ್ಟಲು ನೋಂದಣಿ ಬೇಕಿಲ್ಲ, ಕಾಗದದ ಮೇಲೆ ಮೂಡಿದ ಕ್ಷಣವೇ ಹುಟ್ಟುತ್ತದೆ. ಪಕ್ಕದಲ್ಲಿ © ಗುರುತು ಇಲ್ಲದಿದ್ದರೂ ಅಷ್ಟೇ.

‘ಶೇಕಡ 20 ಬದಲಾಯಿಸಿದರೆ ಸಾಕು’ ಎಂಬ ಮಾತು ಕರಕುಶಲ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತದೆ. ಅಂಥ ನಿಯಮ ಭಾರತದ ಕಾನೂನಿನಲ್ಲಿ ಎಲ್ಲಿಯೂ ಇಲ್ಲ. ಆರ್.ಜಿ. ಆನಂದ್ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಬೇರೆಯೇ: ಕಲ್ಪನೆಗೆ ಹಕ್ಕಿಲ್ಲ, ಅದನ್ನು ಮೂಡಿಸಿದ ರೀತಿಗೆ ಹಕ್ಕು. ಎರಡನ್ನೂ ನೋಡಿದ ಸಾಮಾನ್ಯ ಪ್ರೇಕ್ಷಕನಿಗೆ ‘ಇದು ಅದರದೇ ನಕಲು’ ಎಂದು ಸ್ಪಷ್ಟವಾಗಿ ಅನ್ನಿಸಿದರೆ ಅದು ಉಲ್ಲಂಘನೆ. ಆ ಪ್ರಕರಣ ನಾಟಕ ಮತ್ತು ಸಿನಿಮಾದ್ದು, ಅಳತೆಗೋಲು ಮಾತ್ರ ಚೀಲಕ್ಕೂ ಹೊಂದುತ್ತದೆ. ಕೆಂಪು ದಾರದ ಬದಲು ಹಸಿರು ದಾರ ಹಾಕಿದರೆ, ನವಿಲಿನ ಮುಖ ಎಡದಿಂದ ಬಲಕ್ಕೆ ತಿರುಗಿಸಿದರೆ ನೋಡುವವರ ಅನಿಸಿಕೆ ಬದಲಾಗುವುದಿಲ್ಲ. ಕೆಳಗೆ ‘ಕೃಪೆ: ಅಂತರ್ಜಾಲ’ ಎಂದು ಬರೆಯುವುದರಿಂದಲೂ ಏನೂ ಆಗದು. ಹೆಸರು ಹೇಳುವುದು ಸೌಜನ್ಯ, ಅನುಮತಿ ಅಲ್ಲ.

ಹಾಗಾದರೆ ನಿಮ್ಮದೇ ನಕ್ಷೆ ಬರೆಯುವುದು ಹೇಗೆ? ಅಜ್ಜಿಯ ಸೀರೆಯ ಸೆರಗನ್ನೋ, ನೀವೇ ಫೋಟೊ ತೆಗೆದ ದೇವಸ್ಥಾನದ ಗೋಪುರವನ್ನೋ ಆಧಾರವಾಗಿ ತೆಗೆದುಕೊಳ್ಳಿ. ಚೌಕುಳಿ ಗ್ರಾಫ್ ಹಾಳೆಯ ನಟ್ಟನಡುವೆ ಉದ್ದಕ್ಕೆ ಒಂದು ಗೆರೆ ಎಳೆದು ಎಡಭಾಗದ ಅರ್ಧ ಗೋಪುರವನ್ನಷ್ಟೇ ಬರೆಯಿರಿ. ಪ್ರತಿ ಚೌಕದ ಅಂಚು ಒಂದು ಹೊಲಿಗೆ. ಮೆಟ್ಟಿಲು ಎಷ್ಟು ಚೌಕಕ್ಕೊಮ್ಮೆ ಒಳಸರಿಯಬೇಕು, ಕಳಶ ಎಷ್ಟು ಎತ್ತರ, ಬಾಗಿಲಿನೊಳಗೆ ಏನು ಕೂರಬೇಕು ಎಂಬುದನ್ನು ನೀವೇ ತೀರ್ಮಾನಿಸಿ. ಆಮೇಲೆ ಕನ್ನಡಿಯಲ್ಲಿ ಕಂಡಂತೆ ಬಲಭಾಗ ತುಂಬಿ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಬಿದ್ದು, ಮರಳುವಾಗ ಖಾಲಿ ಜಾಗ ತುಂಬಬೇಕು. ಹೀಗೆ ಮರಳಲು ದಾರಿ ಉಳಿಯುವಂತೆ ಗೆರೆಗಳನ್ನು ಜೋಡಿಸುವಾಗಲೇ ನಕ್ಷೆ ಬೇರೆಯವರದ್ದಕ್ಕಿಂತ ತಾನಾಗಿ ಭಿನ್ನವಾಗುತ್ತದೆ. ತಿದ್ದಿದ, ಅಳಿಸಿದ ಕರಡುಗಳನ್ನು ಎಸೆಯಬೇಡಿ. ಪ್ರತಿ ಹಾಳೆಗೆ ತಾರೀಖು ಹಾಕಿ, ಸಹಿ ಮಾಡಿ, ಫೋಟೊ ತೆಗೆದು ನಿಮ್ಮದೇ ಇಮೇಲ್‌ಗೆ ಕಳಿಸಿಕೊಳ್ಳಿ. ನಾಳೆ ತಕರಾರು ಬಂದರೆ ಮುಗಿದ ಚೀಲಕ್ಕಿಂತ ಈ ಕರಡು ಹಾಳೆಗಳೇ ಹೆಚ್ಚು ಮಾತಾಡುತ್ತವೆ.

ಕ್ರೋಶಾ ಗೊಂಬೆ ಮಾಡುವವರಿಗೆ ಒಂದು ಮಾತು. ಹಣ ಕೊಟ್ಟು ಕೊಂಡ ಪ್ಯಾಟರ್ನ್ ಪಿಡಿಎಫ್ ನಿಮ್ಮ ಬಳಕೆಗೆ ಮಾತ್ರ. ಅದನ್ನು ಗುಂಪಿಗೆ ಹಂಚುವುದು, ಅನುವಾದಿಸಿ ಮಾರುವುದು ಉಲ್ಲಂಘನೆ. ಅದನ್ನು ನೋಡಿ ಹೆಣೆದ ಗೊಂಬೆ ಮಾರಬಹುದೇ ಎಂಬುದಕ್ಕೆ ಪಿಡಿಎಫ್‌ನ ಮೊದಲ ಅಥವಾ ಕೊನೆಯ ಪುಟದ ಷರತ್ತು ನೋಡಿ. ಕೆಲವರು ಹೆಸರು ಹೇಳಿ ಮಾರಲು ಬಿಡುತ್ತಾರೆ, ಕೆಲವರು ಸಂಖ್ಯೆಗೆ ಮಿತಿ ಹಾಕುತ್ತಾರೆ. ಷರತ್ತೇ ಇಲ್ಲದಿದ್ದರೆ ಬರೆದು ಕೇಳಿ. ಇನ್ನು ಗೊಂಬೆಯೇ ಪ್ರಸಿದ್ಧ ಕಾರ್ಟೂನ್ ಪಾತ್ರವಾಗಿದ್ದರೆ ಪ್ಯಾಟರ್ನ್ ಬರೆದವರ ಅನುಮತಿಯೂ ಸಾಲದು, ಆ ಪಾತ್ರ ಅವರದೂ ಅಲ್ಲ.

ಹಂತ 2: ಪದ್ಯದ ಸಾಲು

ಇಲ್ಲಿ ಲೆಕ್ಕ ಸುಲಭ. ಬರೆದವರು ತೀರಿಕೊಂಡ ವರ್ಷದ ಮುಂದಿನ ಜನವರಿ 1ರಿಂದ 60 ವರ್ಷ ಹಕ್ಕು ಉಳಿಯುತ್ತದೆ. ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ, ಆದ್ದರಿಂದ ಕಗ್ಗದ ಹಕ್ಕು 2035ರ ಕೊನೆಯವರೆಗೆ ಇದೆ. ಬೇಂದ್ರೆ 1981, ಅವರ ಸಾಲುಗಳು 2041ರ ಕೊನೆಯವರೆಗೆ. ಕುವೆಂಪು 1994, 2054ರ ಕೊನೆಯವರೆಗೆ. ಕೆ.ಎಸ್. ನರಸಿಂಹಸ್ವಾಮಿ 2003, 2063ರ ಕೊನೆಯವರೆಗೆ. ನಮ್ಮ ಮಗ್, ಚೀಲ, ಗೋಡೆಫಲಕಗಳ ಮೇಲೆ ಹೆಚ್ಚಾಗಿ ಕಾಣುವುದು ಈ ನಾಲ್ವರದೇ ಸಾಲು. ‘ಎಲ್ಲರ ಬಾಯಲ್ಲೂ ಇರುವ ಪದ್ಯ’ ಎಂಬುದು ಪ್ರೀತಿಯ ಮಾತು. ಬಾಯಲ್ಲಿ ಹಾಡಿಕೊಳ್ಳುವುದಕ್ಕೂ ಬೆಲೆಚೀಟಿ ಹಚ್ಚಿ ಮಾರುವುದಕ್ಕೂ ಅಂತರವಿದೆ.

ಮುಕ್ತವಾಗಿ ಬಳಸಬಹುದಾದ್ದೂ ಬೇಕಾದಷ್ಟಿದೆ. ಬಸವಣ್ಣ, ಅಕ್ಕಮಹಾದೇವಿ, ಅಲ್ಲಮರ ವಚನಗಳು, ಪುರಂದರದಾಸರು, ಕನಕದಾಸರು, ಸರ್ವಜ್ಞ, 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರು. ಹೊಸಗನ್ನಡದಲ್ಲಿ 1937ರಲ್ಲಿ ಹೋದ ಪಂಜೆ ಮಂಗೇಶರಾಯರು ಮತ್ತು 1946ರಲ್ಲಿ ಹೋದ ಬಿ.ಎಂ. ಶ್ರೀಕಂಠಯ್ಯನವರ ಅವಧಿಯೂ ಮುಗಿದಿದೆ. ಎಡವುವುದು ಒಂದೇ ಕಡೆ: ವಚನ 12ನೇ ಶತಮಾನದ್ದು, ಆದರೆ ಅದರ ಪಕ್ಕದ ತಾತ್ಪರ್ಯವೋ ಇಂಗ್ಲಿಷ್ ಅನುವಾದವೋ ಈಗಿನವರದ್ದಾಗಿರುತ್ತದೆ. ಮೂಲ ಸಾಲನ್ನಷ್ಟೇ ತೆಗೆದುಕೊಳ್ಳಿ, ಅನುವಾದ ಬೇಕಿದ್ದರೆ ನೀವೇ ಮಾಡಿ.

ಹಕ್ಕಿರುವ ಸಾಲೇ ಬೇಕೆಂದರೆ ಪುಸ್ತಕದ ಒಳಪುಟದಲ್ಲಿ ‘ಹಕ್ಕುಗಳು’ ಎಂದು ಯಾರ ಹೆಸರಿದೆಯೋ ಅವರಿಗೆ ಬರೆಯಿರಿ. ಪತ್ರದಲ್ಲಿ ಐದು ವಿಷಯ ಇರಲಿ: ಯಾವ ಸಾಲು, ಯಾವ ವಸ್ತುವಿನ ಮೇಲೆ, ಎಷ್ಟು ಪ್ರತಿ, ಯಾವ ಬೆಲೆಗೆ, ಎಷ್ಟು ಕಾಲ. ‘ನಿಮ್ಮ ಪದ್ಯ ಬಳಸಬಹುದೇ?’ ಎಂಬ ಒಂದೇ ಸಾಲಿನ ಕೇಳಿಕೆಗೆ ಉತ್ತರ ಬರುವುದು ಕಡಿಮೆ. ‘ಈ ಎರಡು ಸಾಲು, 100 ಚೀಲ, ಒಂದು ವರ್ಷ’ ಎಂದರೆ ಅವರಿಗೂ ಯೋಚಿಸಲು ಸುಲಭ. ಉತ್ತರ ಬಾರದಿರುವುದನ್ನು ಒಪ್ಪಿಗೆ ಎಂದುಕೊಳ್ಳಬೇಡಿ.

ಹಂತ 3: ಹೆಸರು, ಟ್ಯಾಗ್, ಲಾಂಛನ

ಇದು ಕಾಪಿರೈಟ್‌ನ ಹೊರಗಿನ ವಿಷಯ. ಆದರೆ ಮಾರಾಟಗಾರರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ.

‘ಖಾದಿ’ ಎಂದರೆ ಕೈಯಿಂದ ನೂತು ಕೈಯಿಂದ ನೇಯ್ದ ಬಟ್ಟೆ. ಗಿರಣಿಯ ನೂಲನ್ನು ಕೈಮಗ್ಗದಲ್ಲಿ ನೇಯ್ದರೆ ಅದು ಕೈಮಗ್ಗದ ಬಟ್ಟೆ, ಖಾದಿ ಅಲ್ಲ. ಖಾದಿ ಎಂಬ ಹೆಸರಿನ ಮೇಲೆ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗಕ್ಕೆ ಟ್ರೇಡ್‌ಮಾರ್ಕ್ ಇದೆ, 2013ರಿಂದ ಖಾದಿ ಮಾರ್ಕ್ ನಿಯಮಗಳೂ ಇವೆ. ಚೀಲದ ಹೆಸರನ್ನು ‘ಕೈಮಗ್ಗದ ಹತ್ತಿ ಚೀಲ’ ಎಂದು ತಿದ್ದಿ. ಗ್ರಾಹಕರಿಗೂ ಇದೇ ನಿಜವಾದ ಮಾಹಿತಿ.

ಕಸೂತಿ, ಚನ್ನಪಟ್ಟಣದ ಗೊಂಬೆ, ಬಿದರಿ, ಇಳಕಲ್ ಸೀರೆ, ಕಿನ್ನಾಳ ಗೊಂಬೆ, ನವಲಗುಂದ ಜಮಖಾನ, ಸಂಡೂರಿನ ಲಂಬಾಣಿ ಕಸೂತಿ, ಮೈಸೂರು ಸಾಂಪ್ರದಾಯಿಕ ಚಿತ್ರಕಲೆ: ಇವೆಲ್ಲ ಜಿಐ (ಭೌಗೋಳಿಕ ಗುರುತು) ಪಟ್ಟ ಪಡೆದವು. ಜಿಐ ಎಂಬುದು ಒಬ್ಬರ ಆಸ್ತಿಯಲ್ಲ, ಒಂದು ಪ್ರದೇಶದ ಕುಶಲಕರ್ಮಿಗಳೆಲ್ಲರ ಹೆಸರು. ಯಂತ್ರದಲ್ಲಿ ಕಸೂತಿಯಂತೆ ಹೊಲಿಸಿ ‘ಕಸೂತಿ’ ಎಂದು ಮಾರುವುದು, ಅಚ್ಚಿನಲ್ಲಿ ಎರಕ ಹೊಯ್ದ ರೆಸಿನ್ ಗೊಂಬೆಗೆ ‘ಚನ್ನಪಟ್ಟಣ’ ಎಂಬ ಹ್ಯಾಶ್‌ಟ್ಯಾಗ್ ಹಾಕುವುದು ಆ ಹೆಸರನ್ನು ಕಟ್ಟಿದವರಿಗೆ ಮಾಡುವ ನೇರ ಅನ್ಯಾಯ. ಹಾಲೆ ಮರವನ್ನು ತಿರುಗಣಿಗೆ ಕಟ್ಟಿ, ತಿರುಗುವ ಬಿಸಿಗೆ ಅರಗಿನ ಬಣ್ಣ ಕರಗಿಸಿ ಹಚ್ಚಿ, ತಾಳೆಗರಿಯಿಂದ ಉಜ್ಜಿ ಹೊಳಪು ತರುವವರ ಬೆಲೆಯನ್ನು ಆ ಒಂದು ಹ್ಯಾಶ್‌ಟ್ಯಾಗ್ ಕೆಳಗಿಳಿಸುತ್ತದೆ. 1999ರ ಜಿಐ ಕಾಯ್ದೆಯಲ್ಲಿ ಸುಳ್ಳು ಬಳಕೆಗೆ 6 ತಿಂಗಳಿಂದ 3 ವರ್ಷದ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಇದೆ. ‘ಕಸೂತಿ ಶೈಲಿಯ’ ಎಂಬ ಮಾತಿನ ಹಿಂದೆಯೂ ಅಡಗಿಕೊಳ್ಳಲಾಗದು. ‘ಶೈಲಿಯ’, ‘ಮಾದರಿಯ’ ಎಂದರೂ ಗ್ರಾಹಕರು ಮೂಲದ ಬಗ್ಗೆ ದಾರಿತಪ್ಪಿದರೆ ತಪ್ಪು ತಪ್ಪೇ. ಯಂತ್ರದ ಹೊಲಿಗೆಯಾದರೆ ‘ಯಂತ್ರ ಕಸೂತಿ’ ಎಂದೂ ಅಲ್ಲ, ‘ಯಂತ್ರದಲ್ಲಿ ಹಾಕಿದ ಜ್ಯಾಮಿತೀಯ ಹೊಲಿಗೆ’ ಎಂದು ಬಿಡಿಸಿ ಹೇಳಿ.

ನೀವು ಆ ಪ್ರದೇಶದ ನಿಜವಾದ ಕುಶಲಕರ್ಮಿಯೇ ಆಗಿದ್ದರೆ ಚೆನ್ನೈನ ಜಿಐ ನೋಂದಣಿ ಕಚೇರಿಯಲ್ಲಿ ‘ಅಧಿಕೃತ ಬಳಕೆದಾರ’ರಾಗಿ ಹೆಸರು ಬರೆಸಿಕೊಳ್ಳಿ. ಅರ್ಜಿ ನಮೂನೆ ಜಿಐ-3, 2020ರಲ್ಲಿ ಶುಲ್ಕವನ್ನು 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಿದ್ದಾರೆ. ಬೇರೆಯವರಿಂದ ಕೊಂಡು ಮಾರುವವರು ಮಾಡಿದವರ ಊರು ಮತ್ತು, ಅವರು ಒಪ್ಪಿದರೆ, ಹೆಸರನ್ನು ಪಟ್ಟಿಯಲ್ಲಿ ಹಾಕಿ. 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನ್‌ನ ಪ್ರದರ್ಶನದಲ್ಲಿ ಕೊಲ್ಹಾಪುರಿ ಚಪ್ಪಲಿಯನ್ನೇ ಹೋಲುವ ಪಾದರಕ್ಷೆ ತೋರಿಸಿ ಮೂಲದ ಹೆಸರೆತ್ತದಿದ್ದಾಗ ಎದ್ದ ಸಿಟ್ಟು ನೆನಪಿರಬಹುದು. ಆ ಚಪ್ಪಲಿಯ ಜಿಐ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳಿಗೂ ಸೇರಿದ್ದು. ದೊಡ್ಡ ಕಂಪನಿಯ ಮೇಲೆ ನಮಗೆ ಬಂದ ಸಿಟ್ಟು ನ್ಯಾಯವಾದದ್ದಾದರೆ, ಲಂಬಾಣಿ ತಾಂಡಾದಿಂದ ತಂದ ಕನ್ನಡಿ ಕೆಲಸದ ತುಂಡನ್ನು ಕುಶನ್‌ಗೆ ಹೊಲಿದು ‘ಬೋಹೋ’ ಎಂದಷ್ಟೇ ಬರೆದು ಮಾರುವಾಗಲೂ ಅದೇ ನ್ಯಾಯ ನಮಗೂ ಅನ್ವಯಿಸಬೇಕು.

ನವೆಂಬರ್ ಬಂತೆಂದರೆ ಗಂಡಭೇರುಂಡದ ಬ್ಯಾಡ್ಜು, ಕೀಚೈನುಗಳ ಸುಗ್ಗಿ. ಗಂಡಭೇರುಂಡ ಹಳೆಯ ಶಿಲ್ಪಗಳಲ್ಲಿ, ಚಿತ್ರಗಳಲ್ಲಿ ಬಂದ ರೂಪ. ನಿಮ್ಮದೇ ರೇಖೆಗಳಲ್ಲಿ ಅದನ್ನು ಧಾರಾಳವಾಗಿ ಮೂಡಿಸಿ. ಆದರೆ ಕೆಂಪು ಗುರಾಣಿಯ ಮೇಲೆ ಗಂಡಭೇರುಂಡ, ಎರಡು ಬದಿಗೆ ಶರಭ, ಮೇಲೆ ಅಶೋಕಸ್ತಂಭದ ಸಿಂಹ ಇರುವ ಪೂರ್ಣ ರೂಪ ರಾಜ್ಯ ಸರ್ಕಾರದ ಲಾಂಛನ. ಅದನ್ನು ವ್ಯಾಪಾರಕ್ಕೆ ಬಳಸುವುದನ್ನು 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ತಡೆಯುತ್ತದೆ. ಕ್ರಿಕೆಟ್ ತಂಡಗಳ ಲೋಗೊ ಟ್ರೇಡ್‌ಮಾರ್ಕ್. ಸಿನಿಮಾ ಪೋಸ್ಟರ್ ನಿರ್ಮಾಪಕರದು. ನಟರ ಮುಖ, ಧ್ವನಿ, ಹೆಸರುಗಳ ವ್ಯಾಪಾರಿ ಬಳಕೆಯನ್ನು 2022ರಲ್ಲಿ ಅಮಿತಾಭ್ ಬಚ್ಚನ್, 2023ರಲ್ಲಿ ಅನಿಲ್ ಕಪೂರ್ ಅವರ ಅರ್ಜಿಗಳ ಮೇಲೆ ದೆಹಲಿ ಹೈಕೋರ್ಟ್ ತಡೆದಿದೆ. ಅಭಿಮಾನದಿಂದ ಬರೆದ ಚಿತ್ರವಾದರೂ ಮಾರಾಟಕ್ಕಿಟ್ಟ ಕೂಡಲೇ ಅದು ಸರಕು.

ಹಂತ 4: ಫಾಂಟ್, ಫೋಟೊ, ಹಾಡು

ಇವು ಬೇಗ ಮುಗಿಯುವ ಕೆಲಸ. ಗೂಗಲ್ ಫಾಂಟ್ಸ್‌ನ ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ತಿರೊ ಕನ್ನಡ ಮುಕ್ತ ಪರವಾನಗಿಯವು, ಅವುಗಳಲ್ಲಿ ಮುದ್ರಿಸಿದ್ದನ್ನು ಮಾರಬಹುದು. ಫಾಂಟ್ ಕಡತವನ್ನೇ ಬಿಡಿಯಾಗಿ ಮಾರುವಂತಿಲ್ಲ, ಅಷ್ಟೇ. ಬೇರೆ ಫಾಂಟ್‌ಗಳಲ್ಲಿ ‘ಸ್ವಂತ ಬಳಕೆಗೆ ಉಚಿತ’ ಎಂದಿದ್ದರೆ ಮಾರಾಟಕ್ಕೆ ಉಚಿತವಲ್ಲ ಎಂದೇ ಅರ್ಥ.

ಬೇರೆ ಅಂಗಡಿಯ ಫೋಟೊ ತೆಗೆದುಕೊಂಡು ‘ಇದೇ ಥರ ಮಾಡಿಕೊಡುತ್ತೇವೆ’ ಎಂದು ಹಾಕುವುದರಲ್ಲಿ ಎರಡು ತಪ್ಪಿವೆ: ಫೋಟೊ ಅವರದು, ವಸ್ತು ನಿಮ್ಮದಲ್ಲ. ಕಿಟಕಿಯ ಬೆಳಕಿನಲ್ಲಿ ಬಿಳಿ ರಟ್ಟಿನ ಮೇಲಿಟ್ಟು ಮೊಬೈಲಿನಲ್ಲಿ ತೆಗೆದ ನಾಲ್ಕು ಫೋಟೊ ಸಾಕು: ಮುಂಭಾಗ, ಹಿಂಭಾಗ, ಅಳತೆ ತೋರುವ ಒಂದು, ಹೊಲಿಗೆ ಹತ್ತಿರದಿಂದ ಒಂದು. ನಿಜವಾದ ಕಸೂತಿಯಾದರೆ ಒಳಬದಿಯ ಫೋಟೊವನ್ನೂ ಹಾಕಿ. ಗಂಟಿಲ್ಲದೆ ಎರಡೂ ಬದಿ ಒಂದೇ ರೀತಿ ಕಾಣುವ ಗವಂತಿಯ ಸಾಲೇ ನಿಮ್ಮ ಪ್ರಮಾಣಪತ್ರ. ರೀಲ್‌ಗೆ ಸಿನಿಮಾ ಹಾಡಿನ ಬದಲು ಮೆಟಾದ ಸೌಂಡ್ ಕಲೆಕ್ಷನ್‌ನ ಸಂಗೀತ ಬಳಸಿ. ವೈಯಕ್ತಿಕ ಖಾತೆಯಲ್ಲಿ ಸಿಗುವ ಹಾಡುಗಳಿಗೆ ವ್ಯಾಪಾರದ ಪರವಾನಗಿ ಇರುವುದಿಲ್ಲ.

ಹಂತ 5: ‘ಇದೇ ಥರ ಮಾಡಿಕೊಡಿ ಅಕ್ಕ’

ಗ್ರಾಹಕರು ಬೇರೊಬ್ಬ ಕಲಾವಿದರ ಕೆಲಸದ ಫೋಟೊ ಕಳಿಸಿ ಅದನ್ನೇ ಅರ್ಧ ಬೆಲೆಗೆ ಕೇಳುತ್ತಾರೆ. ಆರ್ಡರ್ ಕಳೆದುಕೊಳ್ಳುವ ಭಯಕ್ಕೆ ಹೂಂ ಎನ್ನುವವರೇ ಹೆಚ್ಚು. ಹೊಣೆ ಮಾತ್ರ ಮಾಡಿದವರ ಮೇಲೆಯೇ ಬರುತ್ತದೆ, ಕೇಳಿದವರ ಮೇಲಲ್ಲ. ಈ ಉತ್ತರವನ್ನು ಫೋನಿನಲ್ಲಿ ಉಳಿಸಿಕೊಳ್ಳಿ:

‘ಮೇಡಂ, ಫೋಟೊ ನೋಡಿದೆ, ತುಂಬಾ ಚೆನ್ನಾಗಿದೆ. ಅದು ಇನ್ನೊಬ್ಬರ ಡಿಸೈನ್ ಆದ್ದರಿಂದ ಹಾಗೇ ಮಾಡಲು ಬರಲ್ಲ. ಅದರಲ್ಲಿ ನಿಮಗೆ ಇಷ್ಟ ಆಗಿದ್ದು ಏನು ಹೇಳ್ತೀರಾ: ಬಣ್ಣಾನಾ, ನವಿಲಾ, ಅಂಚಾ? ಅದನ್ನಿಟ್ಟುಕೊಂಡು ನಿಮಗಂತಲೇ ಹೊಸದೊಂದು ಬರೆದು, ನಾಳೆ ಸಂಜೆಯೊಳಗೆ ಎರಡು ಸ್ಕೆಚ್ ಕಳಿಸ್ತೀನಿ. ಆ ಕಲಾವಿದರದ್ದೇ ಬೇಕು ಅಂದ್ರೆ ಅವರ ಪೇಜ್ ಲಿಂಕ್ ಕೊಡ್ತೀನಿ.’

ಹೆಚ್ಚಿನವರಿಗೆ ಬೇಕಾಗಿರುವುದು ಬಣ್ಣವೋ ಭಾವವೋ, ನಕಲಲ್ಲ. ಕೇಳಿದರೆ ಹೇಳುತ್ತಾರೆ. ಮೂಲ ಕಲಾವಿದರು ಯಾರೆಂದು ತಿಳಿಯದಿದ್ದರೆ ಫೋಟೊವನ್ನು ಗೂಗಲ್ ಲೆನ್ಸ್‌ಗೆ ಹಾಕಿ ನೋಡಿ.

ಗುರುಗಳ ಬಳಿ ಕಲಿಯುತ್ತಿರುವವರಿಗೂ ಇದೇ ಪ್ರಶ್ನೆ ಬರುತ್ತದೆ. ಮೈಸೂರು ಶೈಲಿಯ ಚಿತ್ರ ಕಲಿಯುವಾಗ ಗುರುಗಳ ರೇಖಾಚಿತ್ರವನ್ನು ಟ್ರೇಸ್ ಮಾಡುವುದು ಅಭ್ಯಾಸ. ಅದನ್ನೇ ಗೆಸ್ಸೋ (ಉಬ್ಬು ಮೂಡಿಸುವ ಲೇಪ) ಹಚ್ಚಿ ಚಿನ್ನದ ರೇಕು ಅಂಟಿಸಿ ನಿಮ್ಮ ಸಹಿಯಲ್ಲಿ ಮಾರುವ ಮುನ್ನ ಅವರನ್ನು ಕೇಳಿ.

ಹಂತ 6: ಕೆಲಸ ಮಾಡಿಕೊಟ್ಟವರೊಂದಿಗೆ ಕಾಗದ

ಹಣ ಕೊಟ್ಟು ಫೋಟೊ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಹಕ್ಕು ತೆಗೆಸಿದವರದೇ ಎಂದು ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಹೇಳುತ್ತದೆ. ಲೋಗೊ, ಪ್ಯಾಕಿಂಗ್ ವಿನ್ಯಾಸಗಳನ್ನು ಅದೇ ಧೈರ್ಯದ ಮೇಲೆ ಬಿಡಬೇಡಿ. ಹೊರಗಿನವರು ಮಾಡಿದ ವಿನ್ಯಾಸದ ಹಕ್ಕು, ಬರಹದಲ್ಲಿ ವರ್ಗಾಯಿಸದ ಹೊರತು, ಅವರಲ್ಲೇ ಉಳಿಯಬಹುದು. ಆ ಕಾಗದದಲ್ಲಿ ಕೃತಿ ಯಾವುದು, ಯಾವ ಹಕ್ಕುಗಳು, ಎಷ್ಟು ಹಣ, ಎಷ್ಟು ಕಾಲ, ಯಾವ ಪ್ರದೇಶ ಎಂದು ಬರೆದು ಅವರ ಸಹಿ ಹಾಕಿಸಿ. ಕಾಲ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಓದುತ್ತದೆ. ಎಟ್ಸಿ ಎಂಬ ಕರಕುಶಲ ಮಾರಾಟದ ಜಾಲತಾಣದಲ್ಲಿ ಅಮೆರಿಕಕ್ಕೆ ಮಾರುವವರು ‘ಜಗತ್ತಿನಾದ್ಯಂತ, ಹಕ್ಕಿನ ಪೂರ್ಣ ಅವಧಿಗೆ’ ಎಂಬ ಮಾತು ಸೇರಿಸಲೇಬೇಕು.

ಹಂತ 7: ನಿಮ್ಮದನ್ನು ಕಾಯ್ದುಕೊಳ್ಳುವುದು

ಕೃತಿಸ್ವಾಮ್ಯದ ನೋಂದಣಿ ಕಡ್ಡಾಯವಲ್ಲ, ಆದರೆ ನ್ಯಾಯಾಲಯದಲ್ಲಿ ಮೊದಲ ಸಾಕ್ಷಿಯಾಗುತ್ತದೆ. ಕಲಾಕೃತಿಗೆ ಶುಲ್ಕ 500 ರೂಪಾಯಿ. ಲೋಗೊದಂತೆ ಸರಕಿನ ಜೊತೆ ಬಳಸುವ ಕೃತಿಯಾದರೆ 2,000, ಅದಕ್ಕೆ ಟ್ರೇಡ್‌ಮಾರ್ಕ್ ಕಚೇರಿಯ ಶೋಧನಾ ಪತ್ರವೂ ಬೇಕು. ಅರ್ಜಿ ಹಾಕಿದ ಮೇಲೆ ಆಕ್ಷೇಪಣೆಗೆಂದು 30 ದಿನ ಕಾಯಬೇಕು.

ಅನೇಕರಿಗೆ ತಿಳಿಯದ ಹೊಂಡ ಕೃತಿಸ್ವಾಮ್ಯ ಕಾಯ್ದೆಯ 15ನೇ ಕಲಂನಲ್ಲಿದೆ. ವಿನ್ಯಾಸ ಕಾಯ್ದೆಯಲ್ಲಿ ನೋಂದಾಯಿಸಬಹುದಾಗಿದ್ದ ವಿನ್ಯಾಸವನ್ನು ನೋಂದಾಯಿಸದೆ ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ವಸ್ತುಗಳಿಗೆ ಬಳಸಿದರೆ ಆ ವಿನ್ಯಾಸದ ಕಾಪಿರೈಟ್ ಅಳಿಯುತ್ತದೆ. ‘ನಾವು ಕೈಯಿಂದ ಮಾಡುತ್ತೇವಲ್ಲ’ ಎಂದು ನಿರಾಳವಾಗಬೇಡಿ, 2000ದ ವಿನ್ಯಾಸ ಕಾಯ್ದೆ ಕೈಯಿಂದ ಮಾಡುವ ವಿಧಾನವನ್ನೂ ವಿನ್ಯಾಸದ ವ್ಯಾಖ್ಯೆಯೊಳಗೆ ಸೇರಿಸಿದೆ. ಒಂದೇ ಕುಶನ್ ವಿನ್ಯಾಸವನ್ನು ನೂರಾರು ಮಾರುವ ಯೋಜನೆ ಇದ್ದರೆ ಮೊದಲೇ ನೋಂದಾಯಿಸಿ: 10 ವರ್ಷ ರಕ್ಷಣೆ, ಮತ್ತೆ 5 ವರ್ಷಕ್ಕೆ ನವೀಕರಣ. ಮುಖ್ಯ ಷರತ್ತು, ಅರ್ಜಿಗೆ ಮೊದಲು ವಿನ್ಯಾಸ ಎಲ್ಲಿಯೂ ಪ್ರಕಟವಾಗಿರಬಾರದು. ಇನ್‌ಸ್ಟಾಗ್ರಾಂನಲ್ಲಿ ‘ಸದ್ಯದಲ್ಲೇ ಬರಲಿದೆ’ ಎಂದು ಹಾಕಿದ ಒಂದು ಚಿತ್ರ ಸಾಕು, ಹೊಸತನ ಹೋಯಿತು. ಅರ್ಜಿ ಮೊದಲು, ಪೋಸ್ಟ್ ಆಮೇಲೆ.

ಹಂತ 8: ಕದ್ದರೆ, ಅಥವಾ ನಿಮ್ಮ ಮೇಲೇ ದೂರು ಬಂದರೆ

ನಿಮ್ಮ ನಕ್ಷೆ ಬೇರೆಡೆ ಕಂಡಾಗ ಸ್ಟೇಟಸ್‌ನಲ್ಲಿ ಹೆಸರು ಹಿಡಿದು ಬೈಯುವ ಮುನ್ನ ಸಾಕ್ಷಿ ಕೂಡಿಸಿ: ಪುಟದ ಪೂರ್ಣ ಲಿಂಕ್, ತಾರೀಖು ಕಾಣುವ ಸ್ಕ್ರೀನ್‌ಶಾಟ್, ಸಾಧ್ಯವಾದರೆ ಒಂದು ವಸ್ತುವನ್ನು ಕೊಂಡು ಅದರ ಬಿಲ್. ಹಳೆಯ ನಮೂನೆಯನ್ನು ಇಬ್ಬರೂ ಬೇರೆಬೇರೆಯಾಗಿ ಬಳಸಿರುವ ಸಾಧ್ಯತೆಯನ್ನು ಪ್ರಾಮಾಣಿಕವಾಗಿ ಪರಿಶೀಲಿಸಿ. ಆಮೇಲೆ ಖಾಸಗಿಯಾಗಿ ಒಂದು ಸಂದೇಶ, 7 ದಿನದ ಗಡುವು. ಬಗ್ಗದಿದ್ದರೆ ವೇದಿಕೆಗೆ, ಅಂದರೆ ನಕಲು ಕಂಡ ಜಾಲತಾಣಕ್ಕೆ, ದೂರು. 2013ರ ಕೃತಿಸ್ವಾಮ್ಯ ನಿಯಮಗಳ 75ನೇ ನಿಯಮದಂತೆ, ಕೃತಿಯ ವಿವರ, ನೀವೇ ಒಡೆಯರೆಂಬ ಪುರಾವೆ, ನಕಲಿನ ಲಿಂಕ್ ಇರುವ ಬರಹದ ದೂರು ಸಿಕ್ಕಿ ಅದು ಸರಿ ಕಂಡರೆ ವೇದಿಕೆ 36 ಗಂಟೆಯೊಳಗೆ ಅದನ್ನು ತಡೆಹಿಡಿಯಬೇಕು. ಆದರೆ ಆ ತಡೆ 21 ದಿನಕ್ಕೆ ಮಾತ್ರ. ಅಷ್ಟರೊಳಗೆ ನ್ಯಾಯಾಲಯದ ಆದೇಶ ತರುವುದಾಗಿ ದೂರಿನಲ್ಲೇ ಒಪ್ಪಿಕೊಳ್ಳಬೇಕು. ಆದ್ದರಿಂದ ದೂರು ಕಳಿಸುವ ಮೊದಲೇ ವಕೀಲರನ್ನು ಕಂಡಿರಿ.

ದೂರು ನಿಮ್ಮ ಮೇಲೆ ಬಂದರೆ ಮಾರಾಟ ಆ ಕ್ಷಣವೇ ನಿಲ್ಲಿಸಿ, ಏನನ್ನೂ ಅಳಿಸಬೇಡಿ, ನೋಟ್‌ಬುಕ್‌ನ ಆ ಪುಟ ತೆಗೆಯಿರಿ. ತಪ್ಪಾಗಿದ್ದರೆ ಎಷ್ಟು ಮಾರಿದೆ, ಎಷ್ಟು ಉಳಿದಿದೆ ಎಂದು ನೇರವಾಗಿ ಹೇಳಿ ಕ್ಷಮೆ ಕೇಳಿ. ಬಹಳಷ್ಟು ಕಲಾವಿದರು ಇಲ್ಲಿಗೇ ಬಿಡುತ್ತಾರೆ, ಅಥವಾ ಒಂದು ಮೊತ್ತಕ್ಕೆ ಒಪ್ಪುತ್ತಾರೆ. ನಿಮ್ಮ ತಪ್ಪಿಲ್ಲವೆಂಬ ಪುರಾವೆ ಇದ್ದರೆ ಮಾತ್ರ ಪ್ರತಿದೂರು (ಬಂದ ದೂರು ತಪ್ಪೆಂಬ ನಿಮ್ಮ ಉತ್ತರ) ಸಲ್ಲಿಸಿ. ಎಟ್ಸಿಯಂಥ ಅಮೆರಿಕದ ವೇದಿಕೆಯಲ್ಲಿ ಅದಾದ ಮೇಲೆ 10 ಕೆಲಸದ ದಿನಗಳೊಳಗೆ ಎದುರಿನವರು ದಾವೆ ಹೂಡದಿದ್ದರೆ ವಸ್ತು ಮರಳಿ ಪಟ್ಟಿಗೆ ಬರುತ್ತದೆ. ಪ್ರತಿದೂರಿನಲ್ಲಿ ನಿಮ್ಮ ನಿಜವಾದ ಹೆಸರು, ವಿಳಾಸ ಎದುರಿನವರಿಗೆ ಹೋಗುತ್ತವೆ, ಅದರಲ್ಲಿ ಸುಳ್ಳು ಹೇಳಿದರೆ ಅದೇ ಬೇರೆ ಅಪರಾಧ. ಕೃತಿಸ್ವಾಮ್ಯದ ದಾವೆಗೆ ಸಾಮಾನ್ಯ ಕಾಲಮಿತಿ 3 ವರ್ಷ. ಹಾಗಾಗಿ ಮಾರಾಟ ನಿಲ್ಲಿಸಿದ ವಸ್ತುವಿನ ಪುಟ, ಕರಡು, ರಸೀದಿ, ಅನುಮತಿ ಪತ್ರಗಳನ್ನು ಅಷ್ಟು ಕಾಲವಾದರೂ ಜೋಪಾನವಾಗಿಡಿ.